ಎರಡು ತಟ್ಟು

ನೀಲಿ ಪಟ್ಟಿಯ ಚಪ್ಪಲಿ ನಿಲ್ಲದೆ ಹೋಗಿಬಿಟ್ಟಿತು, ಮುಂದಿನ ಚಕ್ರದ ಹತ್ತಿರ ಬಂದಾಗ ಒಂದು ಗಳಿಗೆ ತಡೆದ ಹಾಗೆ ಕಂಡಿತ್ತು, ಹೆಬ್ಬೆರಳು ಸ್ವಲ್ಪ ಮಡಚಿಕೊಂಡಿತ್ತು, ನಿಂತಾಳು ಅಂದುಕೊಂಡ, ನಿಲ್ಲಲಿಲ್ಲ — ಕೈಯಲ್ಲಿದ್ದ ಬಕೆಟ್ಟಿನಿಂದ ತುಳುಕಿದ ನೀರು ಮಾತ್ರ ಸಣ್ಣ ಗೆರೆಯಾಗಿ ಅವನ ಭುಜದ ಪಕ್ಕದಲ್ಲೇ ಹಾದು ಕೆಳಕ್ಕೆ ಹರಿಯಿತು, ಈ ಬೀದಿಯ ಇಳಿಜಾರೇ ಅಂಥದು, ಇಲ್ಲಿ ಏನು ಬಿದ್ದರೂ ತಳದ ಮೋರಿ ಸೇರಬೇಕು, ಚೆಂಡು, ನಿಂಬೆಹಣ್ಣು, ಎದುರುಮನೆ ದರ್ಜಿಯ ನೂಲುಂಡೆ. ಪಿಕಪ್ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದವನಿಗೆ ಲೋಕವೆಂದರೆ ಪಾದಗಳಷ್ಟೇ, ಬೆಳಿಗ್ಗೆ ಏಳರಿಂದ ಅವನು ಪಾದಗಳನ್ನೇ ನೋಡುತ್ತಿದ್ದಾನೆ, ದರ್ಜಿಯ ಸವೆದ ಹಿಮ್ಮಡಿ, ಪೇಪರ್ ಹಾಕುವವನ ಬೂಟು, ಅತ್ತೆಯ ಊದಿದ ಪಾದ, ಮತ್ತೆ ಮತ್ತೆ ಈ ನೀಲಿ ಪಟ್ಟಿ, ಅದು ಎಂಟು ಸಲ ಹೋಗಿ ಎಂಟು ಸಲ ಬಂತು, ಒಂದು ಸಲವೂ ನಿಲ್ಲಲಿಲ್ಲ. ನಲವತ್ತು ದಿನವಾಯಿತು ಹೆಂಡತಿ ಮಾತು ಬಿಟ್ಟು. ಮನೆಯೊಳಗೆ ಎಲ್ಲ ಅತ್ತೆಯ ಮೂಲಕವೇ, ಅಮ್ಮಾ, ಅವರಿಗೆ ಊಟಕ್ಕೆ ಬರೋಕೆ ಹೇಳು, ಅತ್ತೆ, ಅವಳಿಗೆ ಹಸಿವಿಲ್ಲ ಅಂತ ಹೇಳಿ, ಹಸಿವಿಲ್ಲದೆ ಇರೋದು ಯಾರಿಗೆ ಅಳಿಯಂದ್ರೇ ಅವಳಿಗೋ ನಿಮಗೋ ಸರಿಯಾಗಿ ಹೇಳಿ — ಅತ್ತೆಗೆ ನಗು ಬರುತ್ತದೆ, ಮುರಿದ ಕೈಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ಕೂತವಳು ನಗುತ್ತಾಳೆ, ಅವನಿಗೆ ಆ ನಗುವನ್ನು ಎದುರಿಸುವುದಕ್ಕೇ ಆಗುವುದಿಲ್ಲ.

ಇವತ್ತು ಆ ಕಟ್ಟು ಬಿಚ್ಚುವ ದಿನ, ಆಸ್ಪತ್ರೆಯಲ್ಲಿ ಹನ್ನೊಂದಕ್ಕೆ ಬರಹೇಳಿದ್ದಾರೆ, ಗಾಡಿ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆದರೆ ಸರಿ, ಇಲ್ಲದಿದ್ದರೆ ನಾವಿಬ್ಬರೂ ಬಸ್ಸಿಗೆ ಹೋಗ್ತೀವಿ, ಆಸ್ಪತ್ರೆಯಿಂದ ಹಾಗೇ ಅಣ್ಣನ ಮನೆಗೆ ಹೋಗ್ತೀವಿ, ವಾಪಸ್ ಬರೋದು ಆಮೇಲಿನ ಮಾತು, ಅಮ್ಮಾ ಅವರಿಗೆ ಹೇಳಿಬಿಡು — ನಿನ್ನೆ ಅಡುಗೆಮನೆಯಿಂದ ಅಷ್ಟು ದೂರಕ್ಕೆ ಕೇಳಿಸುವ ಹಾಗೆ ಹೇಳಿದ್ದಳು, ಅತ್ತೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಎರಡು ಬಟ್ಟೆಚೀಲ ಬಾಗಿಲ ಹತ್ತಿರ ನಿನ್ನೆಯಿಂದ ಕೂತಿವೆ, ಒಂದು ಅತ್ತೆಯದು, ಒಂದು ಅವಳದು, ಅವಳದ್ದು ಒಂದು ದಿನಕ್ಕೆ ಹೋಗುವವರ ಚೀಲವಲ್ಲ. ಆಗ ಅವನು ಏನೋ ಹುಮ್ಮಸ್ಸಿನಲ್ಲಿ ಕೀಲಿಯನ್ನು ಅತ್ತೆಯ ಕೈಗೆ ಹಾಕಿ, ನಾಳೆ ಹತ್ತು ಗಂಟೆಗೆ ಅವಳೇ ಬಂದು ತಿರುಗಿಸಲಿ, ಒಂದೇ ಸಲಕ್ಕೆ ಶುರುವಾಗದಿದ್ದರೆ ಆಗ ಕೇಳಿ ಅಂದುಬಿಟ್ಟ. ಹತ್ತು ಗಂಟೆಗೆ. ಯಾರು ಕೇಳಿದ್ದರು ಇವನನ್ನು ಗಂಟೆ? ಬಾಯಿ ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ, ಮದುವೆಯಾದಂದಿನಿಂದ ಅವಳು ಹೇಳುತ್ತಿರುವುದು ಇದನ್ನೇ, ನಿಮಗೆ ಗಾಜಿನ ಮೇಲಿರೋ ನಿಗಾ ಮನುಷ್ಯರ ಮೇಲಿಲ್ಲ ಅಂತ. ನಿಜ. ಗಾಜು ಕತ್ತರಿಸುವಾಗ ಅವನು ಉಸಿರು ಕೂಡ ಅಳೆದು ಬಿಡುತ್ತಾನೆ, ಈಗಲೂ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಹನ್ನೆರಡು ಕಿಟಕಿಯ ಗಾಜು ನಿಂತಿವೆ, ಮರದ ಚೌಕಟ್ಟಿಗೆ ಒರಗಿಸಿ, ನಡುನಡುವೆ ಗೋಣಿ ಕೊಟ್ಟು, ಹಗ್ಗ ಬಿಗಿದು, ಮಗುವನ್ನು ಮಲಗಿಸಿದ ಹಾಗೆ ನಿಲ್ಲಿಸಿದ್ದಾನೆ, ಭಾರ ಅಂದರೆ ಭಾರ, ಗಾಡಿ ಹಿಂದೆ ಕುಕ್ಕರಿಸಿಕೊಂಡು ಕೂತಿದೆ.

ಹಳೆಯ ಸ್ಟಾರ್ಟರ್ ಮೋಟಾರು ಪಕ್ಕದಲ್ಲಿ ಬಿದ್ದುಕೊಂಡಿದೆ, ಎಣ್ಣೆ ಮೆತ್ತಿದ ಕರಿ ಮುದ್ದೆ, ಇದಕ್ಕಾಗಿಯಾ ಇಷ್ಟೆಲ್ಲ, ಒಂದು ಸೋರೆಕಾಯಿಯಷ್ಟಿಲ್ಲ ಇದು. ಮೊದಲು ಬ್ಯಾಟರಿಯ ಮೈನಸ್ ವೈರು ಕಳಚಿ ದೂರ ಇಡು, ಅದು ಮರೆತರೆ ಸ್ಪ್ಯಾನರ್ ಸಮೇತ ಕೈ ಸುಟ್ಟುಕೊಳ್ಳುತ್ತೀಯ — ಗ್ಯಾರೇಜಿನ ಮುದುಕ ಬೆರಳು ತೋರಿಸಿ ಹೇಳಿದ್ದ, ಕಳಚಿಟ್ಟಿದ್ದಾನೆ, ಅದು ಮಾತ್ರ ಮರೆತಿಲ್ಲ. ದಪ್ಪ ವೈರಿನ ನಟ್ಟು ಸುಲಭಕ್ಕೆ ಬಂತು, ಸಣ್ಣ ವೈರು ಎಳೆದರೆ ಬಂತು, ಕೆಳಗಿನ ಬೋಲ್ಟು ಬಂತು, ಮೇಲಿನ ಬೋಲ್ಟು ಮಾತ್ರ, ಅದು ಕಣ್ಣಿಗೆ ಕಾಣುವುದೇ ಇಲ್ಲ, ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಕೈ ತೂರಿಸಿ ಬೆರಳ ತುದಿಯಲ್ಲಿ ಹುಡುಕಬೇಕು, ಹುಡುಕಿ, ಸ್ಪ್ಯಾನರ್ ಕೂರಿಸಿ, ಕಾಲಂಗುಲ ತಿರುಗಿಸಿ, ತೆಗೆದು, ಮತ್ತೆ ಕೂರಿಸಿ — ಅದಕ್ಕೇ ಒಂದೂವರೆ ಗಂಟೆ ಹೋಯಿತು, ಮುಂಗೈ ಚರ್ಮವೂ ಹೋಯಿತು. ನಾಲ್ಕು ತಿಂಗಳ ಹಿಂದೆ ಮಾಡಬೇಕಾದ ಕೆಲಸ. ಕೀಲಿ ತಿರುಗಿಸಿದರೆ ಟಕ್ ಅಂದು ಸುಮ್ಮನಾಗುತ್ತಿತ್ತು, ರೀ, ಇದನ್ನ ಬದಲಾಯಿಸೋಣ ಅಂದಳು, ಇರಲಿ ಬಿಡು, ಬೀದಿ ಇಳಿಜಾರಿದೆ, ದೂಡಿದರೆ ತಾನೇ ಶುರುವಾಗುತ್ತೆ, ಇನ್ನೊಂದು ತಿಂಗಳು ನಡೆಯುತ್ತೆ ಅಂದ, ಅಂದವನು ಇವನೇ. ಆಮೇಲೆ ಅದೊಂದು ಪದ್ಧತಿಯೇ ಆಗಿಹೋಯಿತು. ಸಂಜೆ ಮೂತಿ ಕೆಳಮುಖವಾಗಿ ನಿಲ್ಲಿಸುವುದು, ಎರಡನೇ ಗೇರಿನಲ್ಲಿ ಬಿಡುವುದು, ಹ್ಯಾಂಡ್‌ಬ್ರೇಕಿಗೆ ಹಲ್ಲಿಲ್ಲ, ಹೆಸರಿಗೆ ಎಳೆಯುವುದು, ಚಕ್ರಕ್ಕೊಂದು ಕಲ್ಲು. ಬೆಳಿಗ್ಗೆ ಅವಳು ಹತ್ತಿ ಕೂರುವುದು, ಕೂತ ಕೂಡಲೇ ಕ್ಲಚ್ಚು ಒತ್ತಿ ಹ್ಯಾಂಡ್‌ಬ್ರೇಕು ಇಳಿಸುವುದು, ಇವನು ಹಿಂದಿನಿಂದ ದೂಡುವುದು, ಗಾಡಿ ಓಟ ಹಿಡಿಯಿತು ಅನಿಸಿದಾಗ ತೊಟ್ಟಿಯ ತಗಡಿನ ಮೇಲೆ ಎರಡು ಸಲ ತಟ್ಟುವುದು, ಟಪ್ ಟಪ್, ಅಂದರೆ ಬಿಡು, ಅವಳು ಕ್ಲಚ್ಚು ಬಿಟ್ಟುಬಿಡುವುದು, ಗಾಡಿ ಒಮ್ಮೆ ತಡವರಿಸಿ ಗುರುಗುಟ್ಟಿ ಹೊರಟೇಬಿಡುವುದು. ಕೂಗಿದರೆ ಗಾಜಿನ ಸದ್ದಿನಲ್ಲಿ ಕೇಳುವುದಿಲ್ಲ, ಅದಕ್ಕೇ ತಟ್ಟು, ಅವಳೇ ಹೇಳಿಕೊಟ್ಟ ಉಪಾಯ.

ಮತ್ತೆ ಚಪ್ಪಲಿ. ಅವಳು ಚಪ್ಪಲಿ ಹಾಕಿಕೊಂಡು ಗಾಡಿ ಓಡಿಸುವುದಿಲ್ಲ, ಪೆಡಲು ಪಾದಕ್ಕೆ ಗೊತ್ತಾಗಬೇಕು ಅನ್ನುತ್ತಾಳೆ, ಬಾಗಿಲ ಕೆಳಗೆ ರಸ್ತೆಯ ಮೇಲೇ ಬಿಟ್ಟು ಹತ್ತುತ್ತಾಳೆ, ಒಂದು ಇತ್ತ, ಒಂದು ಅತ್ತ, ಗಾಡಿ ಹೊರಟ ಮೇಲೆ ರಸ್ತೆ ನಡುವೆ ಎರಡು ಚಪ್ಪಲಿ ಉಳಿಯುತ್ತಿದ್ದವು, ಇವನು ಏದುಸಿರು ಬಿಡುತ್ತ ಅವನ್ನು ಹೆಕ್ಕಿಕೊಂಡು ಬೀದಿಯ ತಳದವರೆಗೆ ನಡೆದು ಹೋಗಬೇಕು, ಅಲ್ಲಿ ಎಂಜಿನ್ನು ಆರಿಸದೆ ಕಾಯುತ್ತಿರುತ್ತಾಳೆ, ಕಿಟಕಿಯಿಂದ ಕೈ ಚಾಚಿ ತೆಗೆದುಕೊಳ್ಳುತ್ತಾಳೆ, ದರ್ಜಿ ಮೆಷಿನ್ನು ನಿಲ್ಲಿಸಿ ನೋಡುತ್ತಿದ್ದ, ಏನಪ್ಪಾ ಬೆಳಗ್ಗೆ ಬೆಳಗ್ಗೆ ಹೆಂಡತಿ ಚಪ್ಪಲಿ ಹೊತ್ತುಕೊಂಡು ಹೊರಟೆ, ನಗಾಡಲಿ ಬಿಡು, ಇವನಿಗೆ ಅದರಲ್ಲಿ ಒಂದು ಸುಖವಿತ್ತು, ಯಾರ ಹತ್ತಿರವೂ ಹೇಳಿಲ್ಲ. ನಲವತ್ತು ದಿನದಿಂದ ಆ ಸುಖವಿಲ್ಲ. ದರ್ಜಿಯನ್ನೋ ಪೇಪರಿನವನನ್ನೋ ಕರೆದು ದೂಡಿಸಿಕೊಂಡು ಇವನೇ ಸೀಟಿನಲ್ಲಿ ಕೂರುತ್ತಾನೆ, ಚಪ್ಪಲಿ ಹಾಕಿಕೊಂಡೇ.

ಟಪ್ ಟಪ್. ಆ ದಿನದ ತಟ್ಟು ಇವನ ಅಂಗೈಯಲ್ಲಿ ಇನ್ನೂ ಇದೆ. ಅವತ್ತು ಗಾಜು ಜಾಸ್ತಿ ಇತ್ತು, ದೂಡಿದರೆ ಗಾಡಿ ಮಿಸುಕಲಿಲ್ಲ, ಅತ್ತೆ ಜಗುಲಿಯಲ್ಲಿ ಕೂತು ಕಾಳು ಆರಿಸುತ್ತಿದ್ದಳು, ಅತ್ತೆ, ಸ್ವಲ್ಪ ಒಂದು ಕೈ ಹಚ್ತೀರಾ — ಇವನೇ ಕರೆದ, ಅವಳು ತಾನಾಗಿ ಬರಲಿಲ್ಲ, ಮೊರ ಜಗುಲಿಯ ಮೇಲಿಟ್ಟು ಕೈ ಒರೆಸಿಕೊಂಡು ಬಂದಳು, ಗಾಡಿ ಹೊರಟಿತು, ಅತ್ತೆ ಎರಡೂ ಕೈ ತಗಡಿಗೆ ಊರಿ ಮೈಭಾರವೆಲ್ಲ ಹಾಕಿದ್ದಾಳೆ ಅಂತ ಗೊತ್ತಿತ್ತು, ಪಕ್ಕದಲ್ಲೇ ಇದ್ದಳಲ್ಲ, ಗೊತ್ತಿದ್ದೂ ತಟ್ಟಿದ, ಅತ್ತೆ ಬಿಟ್ಟುಬಿಡಿ ಅಂತ ಒಂದು ಮಾತು ಮೊದಲು ಹೇಳಬಹುದಿತ್ತು, ಹೇಳಲಿಲ್ಲ, ಸೀಟಿನಲ್ಲಿದ್ದವಳು ಪಾದ ಬಿಟ್ಟಳು, ಗಾಡಿ ಮುಗ್ಗರಿಸಿ ಮುಂದಕ್ಕೆ ನೆಗೆಯಿತು, ಅತ್ತೆಯ ಕೈಕೆಳಗೆ ಏನೂ ಇರಲಿಲ್ಲ. ಕಟಕ್ ಅಂದದ್ದು ಮಣಿಕಟ್ಟು. ಅವಳು ಬರಿಗಾಲಲ್ಲಿ ಬೀದಿಯ ತಳದಿಂದ ಓಡಿ ಬಂದಳು, ಅಮ್ಮ ಯಾಕೆ ಇಲ್ಲಿ ಬಂದಳು, ಅಮ್ಮನ್ನ ಯಾರು ಕರೆದರು — ಇವನ ಬಾಯಿ, ಆ ಮುಂದೆ ಓಡುವ ಬಾಯಿ, ಅವರೇ ಬಂದರು ಅಂತು. ಹೌದು ಕಣೇ ನಾನೇ ಹೋದೆ, ನನಗೆ ಯಾಕೆ ಬೇಕಿತ್ತು ಈ ಉಸಾಬರಿ ಅಂದಳು ಅತ್ತೆ, ನೆಲದ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಇವನ ಮುಖವನ್ನು ನೋಡದೆ. ಅಲ್ಲಿಗೆ ಮುಗಿಯಿತು. ನನ್ನ ಕಾಲಿಂದ ನಮ್ಮಮ್ಮ ಬಿದ್ದಳು, ಇನ್ನು ಕೀಲಿಗೆ ಶುರುವಾಗೋ ತನಕ ಆ ಸೀಟಿನ ಮೇಲೆ ಕೂರಲ್ಲ ಅಂದಳು ಅವಳು, ಅದು ಇವನ ಜೊತೆ ಆಡಿದ ಕೊನೆಯ ಮಾತು. ಅವಳು ಇವನ ಮೇಲೆ ಸಿಟ್ಟಾಗಿರುವುದು ಸ್ಟಾರ್ಟರಿಗಾಗಿ, ಸೋಮಾರಿತನಕ್ಕಾಗಿ, ಆದರೆ ತನ್ನ ಪಾದದ ಮೇಲೇ ಅವಳಿಗೆ ಹೇಸಿಗೆ, ಒಂದು ಮಧ್ಯಾಹ್ನ ಬಚ್ಚಲಲ್ಲಿ ಆ ಪಾದವನ್ನು ಕಲ್ಲಿನಿಂದ ತಿಕ್ಕುತ್ತಿದ್ದದ್ದನ್ನು ನೋಡಿದ, ಕೆಂಪಗಾಗುವವರೆಗೆ ತಿಕ್ಕುತ್ತಿದ್ದಳು, ನೋಡಿಯೂ ಹೇಳಲಿಲ್ಲ. ಇವತ್ತು ಹೇಳಬೇಕು. ಕೀಲಿ ತಿರುಗಲಿ, ಎಂಜಿನ್ನು ಏಳಲಿ, ಆ ಸದ್ದಿನ ಮರೆಯಲ್ಲಿ ಹೇಳಿಬಿಡಬೇಕು, ಕರೆದವನು ನಾನು.

ಅಳಿಯಂದ್ರೇ, ಆಯ್ತಾ — ಅತ್ತೆಯ ಊದಿದ ಪಾದಗಳು ಬಂದು ನಿಂತಿದ್ದವು, ಅದು ಆಗಲೇ, ಕಾಲು ಗಂಟೆಯ ಹಿಂದೆ. ಬಿಚ್ಚೋದು ಆಯ್ತು ಅತ್ತೆ, ಹಾಕೋದು ಇದೆ. ಬಿಚ್ಚೋಕೆ ಎಲ್ಲರಿಗೂ ಬರುತ್ತೆ ಬಿಡಿ. ಅವಳು ಏನು ಮಾಡ್ತಿದ್ದಾಳೆ? ಗಡಿಯಾರ ನೋಡ್ತಿದ್ದಾಳೆ. ಸಿಟ್ಟಿನಲ್ಲಿದ್ದಾಳಾ? ನನ್ನ ಕೇಳ್ತೀರಲ್ಲ, ನಾನೇನು ಅಂಚೆಯವಳಾ, ಒಳಗೆ ಅವಳೂ ಇದನ್ನೇ ಕೇಳ್ತಾಳೆ, ಅವರಿಗೆ ಕಣ್ಣಿಗೆ ತುಕ್ಕು ಬಿದ್ದಿರುತ್ತೆ, ಬಟ್ಟೆ ಕೊಟ್ಟು ಬಾ ಅಂತಾಳೆ, ತಗೊಳ್ಳಿ. ಬಿಳಿ ಬಟ್ಟೆಯ ತುಂಡೊಂದು ಗಾಡಿಯ ಅಡಿಗೆ ಬಂತು. ಅದರಿಂದ ಕಣ್ಣು ಒರೆಸಿಕೊಳ್ಳುವುದಕ್ಕೆ ಮನಸ್ಸಾಗದೆ ಜೇಬಿಗೆ ಹಾಕಿಕೊಂಡ. ಅತ್ತೆ ಬಟ್ಟೆ ಬದಲಿಸಲು ಒಳಗೆ ಹೋದಳು, ಇವನು ಹುರುಪಿನಲ್ಲಿ ಸಾಮಾನಿನ ಪೆಟ್ಟಿಗೆಯನ್ನು ಮುಚ್ಚಿ ಆಚೆಗೆ, ಗೋಡೆಯ ಕಡೆಗೆ ತಳ್ಳಿದ, ಇನ್ನು ಅದರ ಕೆಲಸವಿಲ್ಲ, ಒಂದು ಸ್ಪ್ಯಾನರ್, ಎರಡು ಬೋಲ್ಟು, ಒಂದು ಮೋಟಾರು, ಅಷ್ಟೇ.

ಆ ಅಷ್ಟೇ ಈಗ ಎದೆಯ ಮೇಲೆ ಕೂತಿದೆ. ಹೊಸ ಮೋಟಾರಿನ ಮೂತಿ ತೂತಿನೊಳಗೆ ಅರ್ಧ ಹೊಕ್ಕಿದೆ, ಹಿಂಭಾಗ ಎದೆಗೂಡಿನ ಮೇಲೆ, ಎಡ ಅಂಗೈ ಅದರ ಅಡಿಗೆ, ಕೈ ತೆಗೆದರೆ ಬೀಳುತ್ತದೆ, ಬಿದ್ದರೆ ಪಕ್ಕೆಲುಬು, ಬಲಗೈಯಲ್ಲಿ ಸ್ಪ್ಯಾನರ್, ಮೇಲಿನ ಬೋಲ್ಟು ಹಲ್ಲುಗಳ ನಡುವೆ, ಇಟ್ಟುಕೊಳ್ಳುವುದಕ್ಕೆ ಬೇರೆ ಜಾಗವೇ ಇಲ್ಲ, ಎಣ್ಣೆಯ ರುಚಿ, ಕಬ್ಬಿಣದ ರುಚಿ, ಜೊಲ್ಲು ಕಿವಿಯ ಕಡೆಗೆ ಇಳಿಯುತ್ತಿದೆ. ತಲೆ ಡ್ರೈವರ್ ಬಾಗಿಲಿನ ಕೆಳಗೆ, ಕಾಲುಗಳು ಓರೆಯಾಗಿ ಆಚೆ ಬದಿಗೆ, ಹಿಂದಿನ ಚಕ್ರದ ಎದುರಿಗೇ, ಅಲ್ಲಿ ಮಾತ್ರ ನೆಲ ಮಟ್ಟವಾಗಿದೆ. ಒಂದು ನೂಲಿನಷ್ಟು ತಿರುಗಿಸಬೇಕು ಮೋಟಾರನ್ನು, ತೂತು ಎದುರುಬದುರು ಬರಬೇಕು, ಬಂತು, ಇಲ್ಲ, ಜಾರಿತು, ಉಸಿರು ತೆಗೆದುಕೊಂಡರೆ ಅದೂ ಮೇಲೇಳುತ್ತದೆ, ಉಸಿರು ಬಿಟ್ಟರೆ ಇಳಿಯುತ್ತದೆ — ಕಲ್ಲು. ಕಲ್ಲು ಇಟ್ಟಿದ್ದೇನಾ? ಇಟ್ಟಿದ್ದೆ, ನಿನ್ನೆ ಸಂಜೆ ನಿಲ್ಲಿಸಿದಾಗ ಇಟ್ಟೆ, ಇಟ್ಟದ್ದು ಹೌದು, ಆದರೆ ಬೆಳಿಗ್ಗೆ, ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಂದು ಗಾಡಿಯ ಪಕ್ಕ ನಿಂತಾಗ ಕಾಲಿಗೆ ಏನೋ ತಾಗಿತ್ತಲ್ಲ, ತಾಗಿದ್ದೋ, ಒದ್ದದ್ದೋ. ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದು ಬಂದು ಈ ಕಾಲು ಮಾಡುವ ಮೊದಲ ಕೆಲಸವೇ ಅದು, ಕಲ್ಲನ್ನು ಒದ್ದು ಮೋರಿಯ ಪಕ್ಕಕ್ಕೆ ಉರುಳಿಸುವುದು, ಮನಸ್ಸನ್ನು ಕೇಳುವುದೇ ಇಲ್ಲ. ಒದ್ದೆ. ಉರುಳಿದ ಸದ್ದು ಕೂಡ ಕೇಳಿತ್ತು, ಕೇಳಿ ಸುಮ್ಮನಾದೆ, ದಿನಾ ಕೇಳುವ ಸದ್ದು. ಇರಲಿ, ಗೇರಿನಲ್ಲಿದೆ, ಗೇರು ಹಿಡಿದುಕೊಂಡಿರುತ್ತೆ, ಯಾರಾದರೂ ಹತ್ತಿ ಕ್ಲಚ್ಚು ಒತ್ತಿದರೆ ತಾನೇ, ಯಾರು ಹತ್ತುತ್ತಾರೆ, ಅವಳಂತೂ ಹತ್ತುವುದಿಲ್ಲ, ನಲವತ್ತು ದಿನ ಹತ್ತದವಳು. ಬೋಲ್ಟು ಹಾಕಿ ಆಚೆ ಬಂದು ಕಲ್ಲು ಇಡುವುದೇ ಮೊದಲ ಕೆಲಸ, ಎರಡು ನಿಮಿಷ, ಉಸಿರು ಬಿಡು, ಬಂತು, ತೂತು ಎದುರುಬದುರು ಬಂತು —

ಬೀದಿಯ ಕೊನೆಯ ಶಾಲೆಯಲ್ಲಿ ಹತ್ತರ ಗಂಟೆ ಹೊಡೆಯಿತು. ಮನೆಯ ಬಾಗಿಲು. ನೀಲಿ ಪಟ್ಟಿ. ಬಕೆಟ್ಟಿಲ್ಲ ಈ ಸಲ, ನಡಿಗೆ ನಿಧಾನ, ಮುಚ್ಚಿದ ಪೆಟ್ಟಿಗೆಯ ಹತ್ತಿರ ನಿಂತು, ಮತ್ತೆ ಹೊರಟು, ಮುಂದಿನಿಂದ ಸುತ್ತಿ ಡ್ರೈವರ್ ಬದಿಗೆ ಬಂತು, ಇವನ ಮುಖದಿಂದ ಒಂದು ಮೊಳ ದೂರದಲ್ಲಿ ನಿಂತಿತು. ನಿಂತಿತು. ನಲವತ್ತು ದಿನದಲ್ಲಿ ಮೊದಲ ಸಲ ಆ ಪಾದ ಇವನ ಹತ್ತಿರ ಬಂದು ನಿಂತಿದೆ, ಬಲ ಪಾದ ಚಪ್ಪಲಿಯಿಂದ ಹೊರಬಂದು ಮೇಲೆ ಹೋಯಿತು, ಎಡ ಪಾದ ಹೋಯಿತು, ಎರಡು ಚಪ್ಪಲಿ ಉಳಿದವು, ಒಂದು ಇತ್ತ ಒಂದು ಅತ್ತ ಅಲ್ಲ, ಜೋಡಿಸಿ ಇಟ್ಟ ಹಾಗೆ, ಹತ್ತಿದಳು, ಅಯ್ಯೋ ಅವಳು ಹತ್ತಿದಳು, ಮೊದಲು ಬಂದದ್ದು ಸಂತೋಷವೇ, ಎದೆಯ ಮೇಲಿನ ಭಾರದ ಅಡಿಯಿಂದಲೇ ಎದ್ದು ಬಂದ ಸಂತೋಷ, ಹತ್ತು ಗಂಟೆ ಅಂದಿದ್ದೆ, ಹತ್ತು ಗಂಟೆಗೇ ಬಂದಳು, ಕೀಲಿಗೆ ಶುರುವಾಗುತ್ತೋ ಇಲ್ಲವೋ ನೋಡದೆಯೇ ನನ್ನ ಮಾತಿನ ಮೇಲೆ ಬಂದು ಕೂತಳು, ಪೆಟ್ಟಿಗೆ ಮುಚ್ಚಿದೆ, ಕೆಲಸ ಮುಗಿದಿದೆ, ಕೈ ತೊಳೆಯಲು ಹೋಗಿದ್ದಾರೆ ಅಂದುಕೊಂಡಿದ್ದಾಳೆ, ನನ್ನ ಕಾಲುಗಳು ಗಾಡಿಯ ಅಡಿಯಲ್ಲೇ, ಆಚೆ ಹಿಂದಿನ ಚಕ್ರದ ಹತ್ತಿರ ಇವೆ, ಮುಂದಿನಿಂದ ಬಂದ ಅವಳಿಗೆ ಕಾಣಲಿಲ್ಲ — ಸೀಟಿನ ಸ್ಪ್ರಿಂಗು ಕಿರ್ ಅಂದಿತು. ಕೀಲಿ ಟಕ್ ಅಂದಿತು, ಬ್ಯಾಟರಿಯ ವೈರು ಕಳಚಿದ ಗಾಡಿ, ಏನೂ ಆಗಲಿಲ್ಲ, ಇಳಿ, ಇಳಿದುಬಿಡು, ಸಿಟ್ಟು ಮಾಡಿಕೊಂಡು ಬಸ್ಸಿಗೆ ಹೋಗು, ಅಣ್ಣನ ಮನೆಗಾದರೂ ಹೋಗು, ಆದರೆ ಆ ಸೀಟಿನಲ್ಲಿ ಕೂತರೆ ಅವಳ ಮೈ ಏನು ಮಾಡುತ್ತದೆ ಅಂತ ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕೀಲಿಗೆ ಬಾರದ ಗಾಡಿಯಲ್ಲಿ ಕೂತರೆ ಪಾದ ಮೊದಲು, ಕೈ ಆಮೇಲೆ — ಕ್ಲಚ್ಚಿನ ಪೆಡಲು ನರಳುತ್ತ ಇಳಿಯಿತು, ಹ್ಯಾಂಡ್‌ಬ್ರೇಕು ಸರಕ್ಕನೆ ಬಿತ್ತು.

ಹಿಂದೆ ಹನ್ನೆರಡು ಗಾಜು ಸಣ್ಣಗೆ ಕಿಣಿ ಅಂದವು. ಗಾಜಿನವನ ಕಿವಿಗೆ ಅದಕ್ಕಿಂತ ಬೇರೆ ಸುದ್ದಿ ಬೇಕಿಲ್ಲ, ಹೊರಟಿದೆ, ಗಾಡಿಯ ತಳದ ಚಾಸಿ ಕಣ್ಣೆದುರು ಸರಿಯುತ್ತಿದೆ, ಮೋಟಾರಿನ ಮೂತಿ ಸಿಕ್ಕಿಕೊಂಡು ಎದೆಯ ಮೇಲೆ ಅರ್ಧ ಅಂಗುಲ ಎಳೆಯಿತು, ಅಂಗಿಯ ಗುಂಡಿ ಕಿತ್ತಿತು, ಆಚೆ ಬದಿಯಲ್ಲಿ ಹಿಂದಿನ ಚಕ್ರ ಪ್ಯಾಂಟಿನ ಅಂಚನ್ನು ಹಿಡಿಯಿತು, ಹಿಡಿದು ನೆಲಕ್ಕೆ ಒತ್ತಿತು, ಕಾಲು ಎಳೆದುಕೊಳ್ಳಲು ಆಗುತ್ತಿಲ್ಲ, ಕೂಗಬೇಕು, ಏನಂತ ಕೂಗಬೇಕು, ಹಲ್ಲಿನ ನಡುವೆ ಬೋಲ್ಟು, ನಾಲಗೆಯಿಂದ ತಳ್ಳಿದರೆ ಗಂಟಲಿಗೇ ಇಳಿಯುತ್ತದೆ, ಊಂ ಅಂದ, ಊಂ ಊಂ ಅಂದ, ಮೋಟಾರು ಉಸಿರನ್ನೇ ಒತ್ತಿಹಿಡಿದಿದೆ, ಮುಂದೆ ಓಡುವ ಬಾಯಿಗೆ ಇವತ್ತು ಒಂದು ಅಕ್ಷರವಿಲ್ಲ. ಬಲಗೈಯಲ್ಲಿ ಸ್ಪ್ಯಾನರ್. ಎರಡು ತಟ್ಟು. ಎರಡು ತಟ್ಟಿದರೆ ಬಿಡಬೇಕು, ಕ್ಲಚ್ಚು ಬಿಟ್ಟರೆ ಗೇರು ಹಿಡಿಯುತ್ತೆ, ಗಾಡಿ ನಿಲ್ಲುತ್ತೆ — ಆದರೆ ಆ ಪಾದವೇ, ಎರಡು ತಟ್ಟಿಗೆ ಬಿಟ್ಟು ಅಮ್ಮನನ್ನು ಬೀಳಿಸಿದ ಪಾದವೇ, ಬಚ್ಚಲಲ್ಲಿ ಕೆಂಪಗಾಗುವಂತೆ ತಿಕ್ಕಿಸಿಕೊಂಡ ಪಾದ, ಅದು ಇನ್ನು ಈ ಜನ್ಮದಲ್ಲಿ ನನ್ನ ತಟ್ಟು ಕೇಳುತ್ತಾ, ಯಾಕೆ ಕೇಳಬೇಕು, ತಟ್ಟಿದವನು ಸುಳ್ಳ, ಕರೆದವನು ನಾನು, ಕರೆದವನು ನಾನು ಅಂತ ನಿನ್ನೆಯೇ ಹೇಳಿದ್ದರೆ ನೀನು ಹಗುರಾಗಿ ಇವತ್ತು — ಚಕ್ರ ಚರ್ಮಕ್ಕೆ ತಾಗಿತು, ತಣ್ಣಗಿದೆ, ತಲೆಯ ಮೇಲಿನ ಕಬ್ಬಿಣಕ್ಕೆ ಹೊಡೆದ.

ಟಪ್. ಟಪ್.

ಗೊಕ್ ಅಂತ ಒಂದು ಸದ್ದು ಎಂಜಿನ್ನಿನ ಹೊಟ್ಟೆಯೊಳಗೆ, ಗಾಡಿ ಮೈ ಕೊಡವಿ ಮುಗ್ಗರಿಸಿ ನಿಂತಿತು, ಗಾಜುಗಳು ಒಮ್ಮೆ ಜೋರಾಗಿ ಅದುರಿ ಸುಮ್ಮನಾದವು, ಒಂದೂ ಒಡೆಯಲಿಲ್ಲ, ನಿಂತಿತು, ಬಿಟ್ಟಳು, ಯಾಕೆ ಏನು ಅಂತ ಕೇಳುವ ಮೊದಲೇ ಪಾದ ಬಿಟ್ಟಿತು, ಮೊಣಕಾಲ ಕೆಳಗೆ ಚಕ್ರ ತಾಗಿಕೊಂಡೇ ಇದೆ, ಪ್ಯಾಂಟು ಅದರ ಅಡಿಯಲ್ಲಿದೆ, ಮೂಳೆ ಅದರಡಿಗೆ ಸಿಕ್ಕಿಲ್ಲ, ಬೆರಳು ಆಡಿಸಿ ನೋಡಿದ, ಆಡುತ್ತಿವೆ. ಬೀದಿಯಲ್ಲಿ ದರ್ಜಿಯ ಮೆಷಿನ್ನು ನಿಂತಿದೆ. ತಟ್ಟು ಕೆಳಗಿನಿಂದ ಬಂತು ಅಂತ ಅವಳಿಗೆ ಈಗ ಗೊತ್ತಾಗುತ್ತಿದೆ, ಕೆಳಗೆ ಅಂದರೆ ಎಲ್ಲಿ ಅಂತ ಈಗ ಗೊತ್ತಾಗುತ್ತಿದೆ, ಪಾದವನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡಿರುತ್ತಾಳೆ, ಆಮೇಲೆ ರೀ ಅಂದಳು, ಬಹಳ ಸಣ್ಣಗೆ, ರೀ, ಇದ್ದೀರಾ — ಇದ್ದೀನಿ ಅನ್ನಬೇಕು, ಇಳಿಯಬೇಡ, ಹಾಗೇ ಕೂತಿರು, ಅತ್ತೇನ ಕರೆದದ್ದು ನಾನು ಅನ್ನಬೇಕು, ಮುಖ ಅವಳ ಕಡೆಗೆ ಹೊರಳಿಸಿದ, ಬೋಲ್ಟು ಜೊಲ್ಲಿನ ಜೊತೆ ನೆಲಕ್ಕೆ ಬಿತ್ತು, ಬಾಯಿ ಬರಿದಾಯಿತು, ಎದುರಿಗೆ, ಒಂದು ಮೊಳ ದೂರದಲ್ಲಿ, ಗಾಡಿ ಸರಿದುಹೋದದ್ದರಿಂದ ಪೂರ್ತಿ ಬಿಸಿಲಿಗೆ ಬಿದ್ದು, ಅವಳಿಲ್ಲದ ಎರಡು ಚಪ್ಪಲಿ, ಹೆಬ್ಬೆರಳು ಒತ್ತಿ ಒತ್ತಿ ಕಪ್ಪಾದ ಗುಳಿ, ನೀಲಿ ಪಟ್ಟಿ, ಜೋಡಿಸಿ ಇಟ್ಟ ಎರಡು ಚಪ್ಪಲಿ, ಎರಡು ಚಪ್ಪಲಿ